ಅಡುಗೆ ಸಿಲಿಂಡರ್ ಕಾರಿಗಲ್ಲ



ಪೆಟ್ರೋಲ್ ಕಾರಿಗೆ ಗ್ಯಾಸ್ ಹಾಕಿಸುವುದು ತಪ್ಪಲ್ಲ. 2000ದಲ್ಲೇ ಕಾನೂನು ಅದಕ್ಕೆ ಅವಕಾಶ ಕೊಟ್ಟಿತು. ಆದರೆ ಮನೆಯಲ್ಲೇ 14.2 ಕಿಲೋ ಅಡುಗೆ ಸಿಲಿಂಡರನ್ನು ಡಿಕ್ಕಿಯಲ್ಲಿಟ್ಟು ಪೈಪ್ ಜೋಡಿಸುವುದು ಅಪರಾಧ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ಕಾರಿನ ತಳದಲ್ಲೇ ತುಂಬಿಕೊಳ್ಳುತ್ತದೆ. ಒಂದು ಕಿಡಿ ಸಾಕು.

ಉಳಿತಾಯ ಬೇಕಿದ್ದರೆ ಆರ್.ಟಿ.ಓ. ಅನುಮತಿ ಪಡೆದು, ಅಧಿಕೃತ ವರ್ಕ್‌ಶಾಪಿನಲ್ಲಿ ಅನುಮೋದಿತ ಕಿಟ್ ಹಾಕಿಸಿ. ಆರ್.ಸಿ.ಯಲ್ಲಿ ನಮೂದಿಸಿ, ವಿಮೆಯವರಿಗೂ ತಿಳಿಸಿ.

ಐದನೆಯ ಕಟ್ಟಳೆ ಕೊಲೆಯನ್ನಷ್ಟೇ ಅಲ್ಲ, ಕಾರಣವಿಲ್ಲದೆ ಪ್ರಾಣವನ್ನು ಅಪಾಯಕ್ಕೊಡ್ಡುವುದನ್ನೂ ನಿಷೇಧಿಸುತ್ತದೆ ಎಂದು ಧರ್ಮಸಭೆ ಬೋಧಿಸುತ್ತದೆ. ಭಾನುವಾರ ಪೂಜೆಗೆ ಬರುವಾಗ ಆ ಡಿಕ್ಕಿಗೆ ಬೆನ್ನು ಕೊಟ್ಟು ಕೂರುವವರು ನಮ್ಮ ಮಕ್ಕಳೇ. ನಾಲ್ಕು ಕಾಸಿನ ಉಳಿತಾಯಕ್ಕೆ ಅವರನ್ನು ಪಣವಿಡುವುದು ಬೇಡ.