ಎರಡು ‘ಮಸಲ್’, ಒಂದು ಇಲಿ

ಮಕ್ಕಳೇ, ಈ ವಾರ ಪದಗಳನ್ನು ಹುಡುಕಿಕೊಂಡು ಕಾರವಾರ, ಅಂಕೋಲೆಯ ಕಡಲತೀರಕ್ಕೆ ಹೋಗೋಣ. ನೀರು ಇಳಿದಾಗ ಬಂಡೆಗಳ ಮೇಲೆ ಹಸಿರು ಚಿಪ್ಪಿನ ಜೀವಿಗಳು ಗುಂಪಾಗಿ ಅಂಟಿಕೊಂಡಿರುತ್ತವೆ. ಕನ್ನಡದಲ್ಲಿ ನೀಲಿಕಲ್ಲು, ಇಂಗ್ಲಿಷಿನಲ್ಲಿ ‘ಮಸಲ್’. ಅಜ್ಜನ ತೋಳು ಹಿಡಿದುಕೊಂಡಾಗ ಡಾಕ್ಟರು ಹೇಳುವುದೂ ‘ಮಸಲ್’ ಎಂದೇ! ಅದು ಸ್ನಾಯು. ಉಚ್ಚಾರ ಒಂದೇ, ಬರೆಯುವುದು ಬೇರೆ: ಚಿಪ್ಪಿನ ಮಸಲ್‌ಗೆ ಎರಡು ‘ಎಸ್’, ಸ್ನಾಯುವಿನ ಮಸಲ್‌ಗೆ ಒಂದೇ ‘ಎಸ್’, ಅದರ ಪಕ್ಕ ಬಾಯಿಬಿಡದ ಒಂದು ‘ಸಿ’.

ಸೋಜಿಗವೆಂದರೆ ಎರಡೂ ಒಂದೇ ತಾಯಿಯ ಮಕ್ಕಳು. ತಾಯಿ, ಲ್ಯಾಟಿನ್ನಿನ ‘ಮುಸ್ಕುಲುಸ್’. ಅರ್ಥ, ಪುಟ್ಟ ಇಲಿ. ಮುಷ್ಟಿ ಬಿಗಿದು ಮೊಣಕೈ ಮಡಚಿ ನೋಡಿ, ತೋಳಿನ ಚರ್ಮದಡಿ ಇಲಿಮರಿ ಓಡಿದಂತೆ ಕಾಣುವುದಿಲ್ಲವೆ? ನಮ್ಮ ಗಣಪನ ಮೂಷಿಕವೂ ದೂರದಿಂದ ಇದೇ ಬಳಗದ್ದು.

ಮೀನುಪೇಟೆಯಲ್ಲಿ ಚಪ್ಪಟೆಯಾದ ಒಂದು ಮೀನು ಸಿಗುತ್ತದೆ. ಕೊಂಕಣಿಯಲ್ಲಿ ಲೇಪೊ, ಇಂಗ್ಲಿಷಿನಲ್ಲಿ ‘ಸೋಲ್’. ಅಂಗಾಲೂ ‘ಸೋಲ್’! ಇಲ್ಲಿ ಕಾಗುಣಿತವೂ ಒಂದೇ. ಚಪ್ಪಲಿಗೆ ಲ್ಯಾಟಿನ್ನಿನಲ್ಲಿದ್ದ ‘ಸೋಲಿಯಾ’ ಎಂಬ ಹೆಸರೇ ಎರಡಕ್ಕೂ ಮೂಲ. ಮೀನನ್ನು ನೋಡಿದವರಿಗೆ ಕಾರಣ ಬೇರೆ ಹೇಳಬೇಕಿಲ್ಲ. ಅಂಗಾಲಿನ ಹಿಂದಿನ ಹಿಮ್ಮಡಿ ‘ಹೀಲ್’, ಅದಕ್ಕೆ ಎರಡು ‘ಇ’. ಗಾಯ ಮಾಯುವ ‘ಹೀಲ್’ಗೆ ‘ಇ’ ಮತ್ತು ‘ಎ’. ‘ಹೆಲ್ತ್’ ಎಂದು ಬರೆದು ನೋಡಿ, ಈ ಎರಡನೆಯದು ಅದರೊಳಗೇ ಕೂತಿದೆ.

ಇವೆಲ್ಲ ತಪ್ಪಿದರೆ ನಕ್ಕು ಸುಮ್ಮನಾಗಬಹುದು. ತಪ್ಪಬಾರದ ಜೋಡಿ ಒಂದಿದೆ: ಹೈಪೊ, ಹೈಪರ್. ಎರಡೂ ಗ್ರೀಕ್ ಪದಗಳು, ಇಂಗ್ಲಿಷಿನಲ್ಲಿ ಮೊದಲ ಮೂರು ಅಕ್ಷರವೂ ಒಂದೇ. ಹೈಪೊ ಎಂದರೆ ಕೆಳಗೆ, ಹೈಪರ್ ಎಂದರೆ ಮೇಲೆ. ಸಂಸ್ಕೃತದ ‘ಉಪರಿ’ ಹೈಪರ್‌ನ ನೆಂಟ. ನೆನಪಿಗೆ ‘ಉಪ್ಪರಿಗೆ’ ಎಂದುಕೊಳ್ಳಿ. ‘ರ’ ಇದ್ದರೆ ಮೇಲೆ.

ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವ ಅಜ್ಜಿ ಮನೆಯಲ್ಲಿದ್ದಾರೆಯೇ? ಮೀಟರಿನ ಅಂಕಿ 70ಕ್ಕಿಂತ ಕೆಳಗಿಳಿದರೆ ಅದು ಹೈಪೊ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತಡವರಿಸಬಹುದು. ಎಚ್ಚರವಿದ್ದು ನುಂಗಬಲ್ಲವರಾದರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಕೂಡಲೇ 108ಕ್ಕೆ ಕರೆ ಮಾಡಿ. ಸಕ್ಕರೆ ಏರಿದ ಹೈಪರ್‌ನಲ್ಲಿ ಬಾಯಾರಿಕೆ ಹೆಚ್ಚು, ಮೂತ್ರವೂ ಪದೇಪದೇ. ಅವರಿಗೆ ಇದೇ ಸಕ್ಕರೆ ನೀರು ಕೇಡು. ಫೋನಿನಲ್ಲಿ ಡಾಕ್ಟರಿಗೆ ತಿಳಿಸುವಾಗ ಹೈಪೊ, ಹೈಪರ್ ಎನ್ನುವ ಗೋಜಿಗೇ ಹೋಗದೆ ಮೀಟರಿನಲ್ಲಿ ಕಂಡ ಅಂಕಿಯನ್ನೇ ಓದಿ ಹೇಳಿ.