ಸೂಜಿ-ದಾರದ ಅಂಗಳ: ಎಲೆಗಳ ವಿಚಾರ

ಹೂವನ್ನು ಹೊಲಿಯುವಾಗ ನಮ್ಮ ಸೋದರಿಯರಿಗೆ ಇರತಕ್ಕ ಉತ್ಸಾಹವು ಎಲೆಯ ಸರದಿ ಬಂದಾಗ ಇರುವುದಿಲ್ಲ. ಕೈಗೆ ಸಿಕ್ಕ ಹಸುರು ದಾರವನ್ನು ಪೋಣಿಸಿ, ತೆರಪಾದಲ್ಲೆಲ್ಲ ತುಂಬಿಬಿಡುವುದೇ ವಾಡಿಕೆ. ಈ ತಪ್ಪನ್ನು ನಾವೂ ಮಾಡಿದವರೇ.

ಕೊಲ್ಲೂರಿನಲ್ಲಿ ನಮ್ಮ ದೊಡ್ಡಮ್ಮನವರ ಮನೆ. ಅಂಗಳದ ಬಾಳೆ, ಕೆಸು, ತುಳಸಿ, ದಾಸವಾಳಗಳೆಲ್ಲ ಅವರ ಕೈಯಿಂದಲೇ ಬೆಳೆದವು. ಈಗ ಅವರಿಗೆ ಕಣ್ಣು ಕಾಣಿಸದು. ಆ ಅಂಗಳವನ್ನು ಕ್ಯಾನ್‌ವಾಸಿನ ಮೇಲೆ ಹೊಲಿದು ದಿಂಬಿಗೆ ಹೊದಿಸಿ ಕೊಡಬೇಕೆಂದು ಒಂದು ಮಳೆಗಾಲವೆಲ್ಲ ಕುಳಿತೆವು. ಮೂರು ಬಗೆಯ ಹಸುರು, ಆದರೆ ಒಂದೇ ಉಣ್ಣೆ, ಒಂದೇ ಓರೆ ಹೊಲಿಗೆ. ನೋಡುವವರು ಮೆಚ್ಚಿದರು. ದೊಡ್ಡಮ್ಮನವರಾದರೋ ದಿಂಬನ್ನು ತೊಡೆಯ ಮೇಲಿಟ್ಟು ಬೆರಳಾಡಿಸಿ, “ಇದ್ರಗೆ ಬಾಳೆ ಯಾವ್ದ್ ಮಗಾ, ಕೆಸು ಯಾವ್ದ್?” ಎಂದು ಕೇಳಿದರು. ನಾವು ನಿರುತ್ತರರಾದೆವು. ಅವರ ಬೆರಳಿಗೆ ಅಂಗಳವೆಲ್ಲ ಒಂದೇ ಗೋಣಿತಟ್ಟಾಗಿತ್ತು.

ಹೊಲಿಗೆಯನ್ನು ಬಿಚ್ಚುತ್ತ ಬಿಚ್ಚುತ್ತ ನಾವು ಕಲಿತ ಪಾಠವಿಷ್ಟೆ: ಎಲೆಯ ನರ ಓಡುವ ದಿಕ್ಕು ಹೊಲಿಗೆಯನ್ನು ನಿಶ್ಚಯಿಸಬೇಕು, ಎಲೆಯ ಮೈ ದಾರವನ್ನು ನಿಶ್ಚಯಿಸಬೇಕು, ಬಣ್ಣದ ಯೋಚನೆ ಆಮೇಲಿನದು.

ಬಾಳೆಯ ನರಗಳು ನಡುದಿಂಡಿನಿಂದ ಅಂಚಿಗೆ ಹೆಚ್ಚುಕಡಮೆ ಅಡ್ಡಲಾಗಿ ಹೋಗುತ್ತವೆ. ಆದುದರಿಂದ ಹೊಲಿಗೆಯೂ ನಡುವಿನಿಂದ ಇಕ್ಕೆಲಕ್ಕೂ ನೀಳವಾಗಿ ಸಾಗಬೇಕು. ಅರ್ಧ ಅಂಗುಲಕ್ಕಿಂತ ನೀಳವಾದರೆ ಬಳೆಗೆ ಸಿಕ್ಕಿ ಎದ್ದುಬರುವುದು; ಅಗಲವಾದ ಎಲೆಯಲ್ಲಿ ಅದನ್ನು ಎರಡಾಗಿ ಒಡೆಯತಕ್ಕದ್ದು. ಅಂಚಿನಲ್ಲಿ ಅಲ್ಲಲ್ಲಿ ಒಂದು ಸೀಳು ಬಿಟ್ಟರೆ ಎಲೆಗೆ ಜೀವ ಬರುತ್ತದೆ.

ದಾಸವಾಳದ ಎಲೆ ಹೊಳೆಯುವಂಥದು. ಅದಕ್ಕೆ ರೇಷ್ಮೆ ಒಪ್ಪುತ್ತದೆ. ನಡುನರದ ಎರಡು ಕಡೆಯ ಹೊಲಿಗೆಗಳೂ ತುದಿಯತ್ತ ಓರೆಯಾಗಿರಲಿ. ರೇಷ್ಮೆಯು ದಿಕ್ಕು ಬದಲಾದೊಡನೆ ಬೆಳಕಿನಲ್ಲಿ ಬೇರೆ ಬಣ್ಣವಾಗಿ ತೋರುವುದರಿಂದ ಎರಡನೆಯ ಲಡಿಯ ಖರ್ಚೂ ಉಳಿಯುತ್ತದೆ. ಕೆಸುವಿನ ಎಲೆಗೆ ಹೊಳಪಿಲ್ಲ. ಅದರ ಮೇಲೆ ನೀರು ನಿಲ್ಲದೆ ಮುತ್ತಾಗಿ ಉರುಳುತ್ತದೆ. ಆ ಮೆತ್ತನೆಯ ಮೈಗೆ ಉಣ್ಣೆಯೇ ಸರಿ. ಹೊಲಿಗೆ ಗಿಡ್ಡದಾಗಿ, ಒತ್ತಾಗಿರಲಿ.

ತುಳಸಿಗೆ ನಾವು ಧಾರವಾಡ ಸೀಮೆಯ ಕಸೂತಿಯಿಂದ ಸಾಲ ತಂದೆವು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಅದರ ನಾಲ್ಕು ಹೊಲಿಗೆಗಳನ್ನೂ ಬಟ್ಟೆಯ ಮೇಲೆ ನಕ್ಷೆ ಬರೆಯದೆ ಎಳೆ ಎಣಿಸಿಯೇ ಹಾಕುವರು. ಎಣಿಸುವ ಕೆಲಸವಾದ್ದರಿಂದ ಕ್ಯಾನ್‌ವಾಸಿಗೂ ಅದು ಹೊಂದುತ್ತದೆ. ಮೆಂತಿಯೆಂದರೆ ಅಡ್ಡಹಾಯುವ ಕತ್ತರಿ ಹೊಲಿಗೆ. ಹತ್ತಿಯ ದಾರದಲ್ಲಿ ಒತ್ತಾಗಿ ಹಾಕಿದರೆ ಅದು ತುಳಸಿಯ ಪುಟ್ಟ ಎಲೆಗಳಂತೆ ಬೆರಳಿಗೆ ಕಾಳುಕಾಳಾಗಿ ತಗಲುತ್ತದೆ. ಕ್ಯಾನ್‌ವಾಸು ಇಣುಕಿದರೆ ಒಂದೆರಡು ಎಳೆ ಹೆಚ್ಚಿಸಿಕೊಳ್ಳಿರಿ.

ಇನ್ನು ಬಣ್ಣ. ದೀಪದ ಬೆಳಕಿನಲ್ಲಿ ಹಸುರನ್ನು ಆರಿಸಕೂಡದು. ಹಗಲು ಕಿಟಕಿಯ ಬಳಿ ಎಲೆಯನ್ನೇ ದಾರದ ಪಕ್ಕದಲ್ಲಿಟ್ಟು ನೋಡಬೇಕು. ಮಾವಿನ ಚಿಗುರು ಹಸುರಲ್ಲ, ತಾಮ್ರವರ್ಣದ್ದೆಂಬುದು ಆಗ ತಿಳಿಯುತ್ತದೆ. ಹಿನ್ನೆಲೆಯ ಕೊಡಚಾದ್ರಿಯ ಕಾಡಿಗೆ ನೀಲಿ ಬೆರೆತ ಮಂಕು ಹಸುರು ಸಾಕು. ಅಲ್ಲಿ ಹೊಲಿಗೆಯೂ ಸಣ್ಣದಾಗಿ ಚಪ್ಪಟೆಯಾಗಿರಲಿ, ಆಗ ಬೆಟ್ಟವು ಹಿಂದೆ ಸರಿದು ಅಂಗಳವು ಮುಂದೆ ಬರುತ್ತದೆ.

ಮೂರು ಎಚ್ಚರಿಕೆಗಳು. ಹೊಸ ದಾರವನ್ನು ನೆನೆಸಿ ಬಿಳಿಯ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುವುದೋ ಎಂದು ಮೊದಲೇ ನೋಡಿಕೊಳ್ಳತಕ್ಕದ್ದು. ಮಳೆಗಾಲದಲ್ಲಿ ಸೂಜಿಯನ್ನು ಕೆಲಸದಲ್ಲಿಯೇ ಚುಚ್ಚಿಟ್ಟು ಏಳಬಾರದು. ತುಕ್ಕಿನ ಕಲೆ ಸುಲಭವಾಗಿ ಹೋಗುವಂಥದಲ್ಲ. ದಾರವನ್ನು ಒಂದು ಮೊಳಕ್ಕಿಂತ ಹೆಚ್ಚು ಪೋಣಿಸಿದರೆ ಕಣ್ಣುಕಣ್ಣಿನಲ್ಲಿ ಉಜ್ಜಿ ನವೆಯುವುದನ್ನೂ ಮರೆಯದಿರಿ.

ದಿಂಬು ಎರಡನೆಯ ಸಲ ಸಿದ್ಧವಾದಾಗ ದೊಡ್ಡಮ್ಮನವರ ಕೈಗೆ ಮಾತಿಲ್ಲದೆ ಕೊಟ್ಟೆವು. ತುಳಸಿ ಮೊದಲು ಸಿಕ್ಕಿತು, ಬಳಿಕ ಕೆಸು. ಬಾಳೆಯ ಅಂಚಿನ ಸೀಳಿನಲ್ಲಿ ಬೆರಳು ನಿಂತಿತು. ಗಾಳಿಗೆ ಹರಿದದ್ದಲ್ಲವೇ ಎಂದು ಕೇಳಿದರು. ಹೌದೆಂದೆವು.

ಸೋದರಿಯರು ಈ ತಿಂಗಳು ತಮ್ಮ ಅಂಗಳದ ಯಾವುದಾದರೂ ಒಂದೇ ಎಲೆಯನ್ನು ಹೊಲಿದು, ಕಣ್ಣು ಮುಚ್ಚಿ ಮುಟ್ಟಿ ನೋಡಲಿ.