ಸಂಕ್ರಾಂತಿ ರಜೆ ಉದ್ದ, ಮಕ್ಕಳಿಗೆ ಆಟವೆಲ್ಲಿ?

ಆದೋನಿ: ಗಡಿ ದಾಟಿದರೆ ರಜೆಯ ಲೆಕ್ಕವೇ ಬೇರೆ. ಸಿರುಗುಪ್ಪದ ಮಕ್ಕಳಿಗೆ ಸಂಕ್ರಾಂತಿಗೆ ಒಂದೇ ದಿನ ರಜೆ. ಆದೋನಿ, ಹೊಳಗುಂದ, ಕೌತಾಳಂ ಸರ್ಕಾರಿ ಶಾಲೆಗಳಿಗೆ ಸಾಮಾನ್ಯವಾಗಿ ವಾರಕ್ಕೂ ಮೇಲೆ. ಇಲ್ಲಿಂದ ಅಜ್ಜಿ ಊರಿಗೆ ಹೋದರೆ ಅಲ್ಲಿ ಮಾವನ ಮಕ್ಕಳು ಶಾಲೆಯಲ್ಲಿ! 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು ಆಂಧ್ರಕ್ಕೆ ಸೇರಿದವು. ನೆಂಟಸ್ತಿಕೆ ಹಾಗೇ ಉಳಿದು ಶಾಲೆಯ ಕ್ಯಾಲೆಂಡರ್ ಬೇರೆಯಾಯಿತು.

ಹಾಗಾದರೆ ಊರಲ್ಲೇ ಏನಾದರೂ ಮಾಡಬಹುದಲ್ಲ? ಉದ್ಯಾನ, ಆಟದ ಮೈದಾನಗಳು ಸಂವಿಧಾನದ 12ನೇ ಅನುಸೂಚಿಯಲ್ಲಿ ಪುರಸಭೆಗಳ ಪಾಲಿಗೆ ಬಂದಿವೆ. 2015ರಲ್ಲಿ ಶುರುವಾದ ಕೇಂದ್ರದ ಅಮೃತ್ ಯೋಜನೆಗೆ ಆದೋನಿಯೂ ಸೇರಿತ್ತು. ಅದರಲ್ಲಿ ಶೇ. 2.5ರವರೆಗಿನ ಹಣ ಪಾರ್ಕುಗಳಿಗೆ, ಮುಖ್ಯವಾಗಿ ಮಕ್ಕಳ ಸೌಕರ್ಯಕ್ಕೆ. ತೊಡಕು ಇರೋದು ಇಲ್ಲೇ: ಆ ಹಣದಲ್ಲಿ ಪಾರ್ಕು ಕಟ್ಟಬಹುದು, ಸಿಬ್ಬಂದಿಗೆ ಸಂಬಳ ಕೊಡುವಂತಿರಲಿಲ್ಲ. ಜಾರುಬಂಡೆ ಬಂದರೂ ಮಕ್ಕಳನ್ನು ಕೂಡಿಸಿ ಆಡಿಸೋರು ಯಾರು? ಶಿಬಿರ ಅಂದ್ರೆ ಬೇಸಿಗೆ ಶಿಬಿರ ಎಂಬ ರೂಢಿ ಬೇರೆ. ಮೇ ತಿಂಗಳ ಬಿಸಿಲಿಗಿಂತ ಜನವರಿಯ ತಣ್ಣನೆ ಬೆಳಗು ಎಷ್ಟೋ ವಾಸಿ.

ಹಳ್ಳಿಗಳ ಪಾಡು ಇನ್ನೂ ಕಷ್ಟ. ಈ ಹಂಗಾಮಿನಲ್ಲೇ ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಗುಳೆ ಹೋಗುವ ಕುಟುಂಬಗಳಿವೆ. ಶಾಲೆ ಬಾಗಿಲು ಹಾಕಿದರೆ ಮಧ್ಯಾಹ್ನದ ಊಟವೂ ನಿಂತಿತು. ಮಗು ಅವ್ವನ ಬೆನ್ನು ಹಿಡಿಯುತ್ತದೆ. ರಜೆ ಮುಗಿದ ಮೇಲೆ ಅದು ತರಗತಿಗೆ ತಿರುಗಿ ಬರುತ್ತದೆ ಎನ್ನುವ ಖಾತ್ರಿ ಇಲ್ಲ.

ಕನ್ನಡ ಶಾಲೆಯ ಅಂಗಳದಲ್ಲೇ ಖೋಖೋ, ಗಾಳಿಪಟ, ಒಂದಿಷ್ಟು ಕನ್ನಡ ಕಥೆ ಇದ್ದರೆ ಸಾಕು. ಖರ್ಚು ದೊಡ್ಡದೇನಲ್ಲ. ಆಡಿಸೋರು ಯಾರು, ಊಟ ಹಾಕೋರು ಯಾರು ಎಂಬುದನ್ನು ಪುರಸಭೆ, ಶಿಕ್ಷಣ ಇಲಾಖೆ ಮುಂದಿನ ಸಂಕ್ರಾಂತಿಗೆ ಮೊದಲೇ ಕೂತು ತೀರ್ಮಾನಿಸಬೇಕು.